ಸಾಸಿವೆ ಸಸಿಗೆ ಚಳಿಯಾದೀತೆಂದು

ಹೀಟರ್ ಹಾಕಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವಾಗ ನಿಮಗೆ ಬೇರೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಆಗ ಮಾತ್ರ ಒಪ್ಪಿಕೊಂಡಿರಲಿಲ್ಲ. ಮೊದಲು ತಪ್ಪನ್ನು ಬಿಸಿಲಿನ ಮೇಲೆ ಹಾಕಿದೆ, ಆಮೇಲೆ ಕೆಳಮನೆಯ ಯೋಕೆ ಅಜ್ಜಿಯ ಮೇಲೆ, ಕೊನೆಗೆ ಬೆಕ್ಕಿನ ಮೇಲೆ. ಆ ಮನೆಯಲ್ಲಿ ಬೆಕ್ಕೇ ಇಲ್ಲ ಎಂದು ಅಕ್ಕ ನೆನಪಿಸಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ನೆದರ್‌ಲೆಂಡ್ಸಿಗೆ ಹೋಗಿಬಂದವನೆಂದು ಹುಲೇಕಲ್ ಬಸ್ಸಿನಲ್ಲಿ ಈಗ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುವವರಿದ್ದಾರೆ. ಗಾಳಿಗಿರಣಿ ಹೇಗಿತ್ತು, ಟ್ಯುಲಿಪ್ ತೋಟ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಆ ದೇಶದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಒಂದು ಪ್ಲಾಸ್ಟಿಕ್ ಟ್ರೇಯನ್ನು. ಅದರಲ್ಲಿ ನಾವು ಒಗ್ಗರಣೆಗೆ ಹಾಕುವ ಸಾಸಿವೆ ಮೊಳೆತಿತ್ತು. ಅಷ್ಟನ್ನಾದರೂ ಸರಿಯಾಗಿ ಅರ್ಥ ಮಾಡಿಕೊಂಡು ಬಂದೆನೋ ಎಂದರೆ, ಅದರಲ್ಲೂ ಗೊಂದಲವಿದೆ.

ಹುಲೇಕಲ್: ಹೊರಡುವ ಮೊದಲು

ನನ್ನ ಅಕ್ಕ ವಸುಧಾ ನೆದರ್‌ಲೆಂಡ್ಸಿನಲ್ಲಿ ಗಿಡಗಳ ವಿಷಯದಲ್ಲಿ ಸಂಶೋಧನೆ ಮಾಡುತ್ತಾಳೆ. ಹವೆ ಬಿಸಿಯಾದರೆ ಗಿಡ ತನ್ನ ಬೆಳವಣಿಗೆಯನ್ನು ಹೇಗೆ ಬದಲಾಯಿಸಿಕೊಳ್ಳುತ್ತದೆ ಎಂಬುದು ಅವಳ ಪ್ರಶ್ನೆ. "ಬಾಡ್ತು. ಮತ್ತೆಂತ ಮಾಡ್ತು?" ಎಂದು ಅಪ್ಪಯ್ಯ ಆ ಸಂಶೋಧನೆಯನ್ನು ಜಗಲಿಯ ಮೇಲೆ ಕೂತೇ ಮುಗಿಸಿಕೊಟ್ಟಿದ್ದ. ಅಕ್ಕ ಆದರೂ ಹೋದಳು. ಹೋದವಳು ಕಳೆದ ಚಳಿಗಾಲದಲ್ಲಿ ಸೈಕಲ್ಲಿನಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡಳು.

"ಕೂಸಿಂಗೆ ಉಂಬಲೂ ಕೈ ಇಲ್ಲೆ" ಎಂದು ಅಮ್ಮ, ಅಂದರೆ ನಮ್ಮ ಆಯಿ, ಮಗಳ ಬಗ್ಗೆ ಕೂತಲ್ಲಿ ನಿಂತಲ್ಲಿ ಹೇಳತೊಡಗಿದಳು. ಯಾರಾದರೂ ಹೋಗಬೇಕು. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬನ ಹತ್ತಿರ. ದುಬೈಯಲ್ಲಿ ಕನ್ನಡದವರ ಕಾರ್ಯಕ್ರಮವಿದೆ, ಮಿಮಿಕ್ರಿಗೆ ಕರೆಯುತ್ತಾರೆ ಎಂದು ಮಾಡಿಸಿದ್ದೆ. ಕಾರ್ಯಕ್ರಮ ಆಗಲಿಲ್ಲ, ಪಾಸ್‌ಪೋರ್ಟ್ ಆಯಿತು. ಮಿಮಿಕ್ರಿ ನನ್ನ ಕಸುಬು. ಸೊಸೈಟಿಯ ಸೆಕ್ರೆಟರಿ ಭಾಷಣಕ್ಕೆ ಮೊದಲು ಕೆಮ್ಮುವುದು, ಶಿರಸಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲವೆನ್ನುವುದು, ಸಿದ್ದಾಪುರದ ದೊಡ್ಡಮ್ಮ ಫೋನಿನಲ್ಲಿ ನಗುತ್ತ ನಗುತ್ತ ಅಳುವುದು, ಎಲ್ಲವೂ ಬರುತ್ತದೆ. ದೊಡ್ಡಮ್ಮ ಈಗ ನನ್ನ ಎದುರು ಅಳುವುದನ್ನೇ ಬಿಟ್ಟಿದ್ದಾಳೆ.

ಅಂತೂ ಮುರಿದ ಬಲಗೈಗೆ ಬದಲಿಯಾಗಿ ನನ್ನನ್ನು ಕಳಿಸುವುದೆಂದಾಯಿತು. ಹೊರಡುವಾಗ ಆಯಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಮೂರು ಸುತ್ತು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಜೊತೆಗೆ ಒಂದು ಬುದ್ಧಿಮಾತು:

"ನಿನ್ನ ಬಾಯಿ ಇಲ್ಲೇ ಬಿಟ್ಟಿಕ್ಕಿ, ಕೈ ಅಷ್ಟೇ ತಗಂಡು ಹೋಗು."

ಮಾತಾಡಬಾರದ ಬೋಗಿ

ವಿಮಾನ ಇಳಿದು ರೈಲು ಹತ್ತಿದೆ. ಬೋಗಿ ತುಂಬ ಜನ, ಸದ್ದಿಲ್ಲ. ಯಾರದೋ ಸಾವಿನ ಸುದ್ದಿ ಬಂದಿರಬೇಕು ಎಂದುಕೊಂಡು ನಾನೂ ಮುಖ ಸಣ್ಣ ಮಾಡಿ ಕೂತೆ. ಅಷ್ಟರಲ್ಲಿ ಆಯಿಯ ಫೋನ್ ಬಂತು. ಯಲ್ಲಾಪುರಕ್ಕೆ ಹೋದರೂ ನಮ್ಮಲ್ಲಿ ಫೋನಿನಲ್ಲಿ ಕೂಗಿಯೇ ಮಾತಾಡುವುದು. ಇದು ಪರದೇಶ, ಇನ್ನೂ ಸ್ವಲ್ಪ ಜೋರಾಗಿ ಕೂಗಿದೆ. ಎದುರಿನವನು ಎದ್ದು ಕಿಟಕಿಯ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ. ಅಲ್ಲಿ ಏನೋ ಬರೆದಿತ್ತು. ಆ ಬೋಗಿಯಲ್ಲಿ ಮಾತಾಡಬಾರದಂತೆ! ಸುಮ್ಮನಿರುವುದಕ್ಕೇ ಒಂದು ಬೋಗಿ ಇಟ್ಟ ದೇಶಕ್ಕೆ ಮಿಮಿಕ್ರಿಯವನನ್ನು ಕಳಿಸಿದ್ದರಲ್ಲ ಎಂದು ನಮ್ಮ ಮನೆಯವರ ಮೇಲೆ ಕನಿಕರ ಬಂತು.

ಅಕ್ಕನ ಮನೆ ಮೇಲಿನ ಮಹಡಿಯಲ್ಲಿ. ಹತ್ತುವ ದಾರಿಗೆ ಮೆಟ್ಟಿಲು ಎಂದು ಹೆಸರಿದೆ, ನೋಡಿದರೆ ನಮ್ಮ ಅಟ್ಟದ ಏಣಿ. ಪೆಟ್ಟಿಗೆ ಹೊತ್ತು ಹತ್ತುವಾಗ ಅಡಿಕೆ ಮರ ಹತ್ತುವವರು ಇಲ್ಲಿದ್ದರೆ ಒಳ್ಳೆಯ ಮರ್ಯಾದೆ ಸಿಗುತ್ತಿತ್ತು ಅನ್ನಿಸಿತು. ಮೇಲೆ ಅಕ್ಕ ಕೈಗೆ ಪ್ಲಾಸ್ಟರ್ ಹಾಕಿಕೊಂಡು ನಿಂತಿದ್ದಳು. ಹೇಗಿದ್ದೀಯ ಎಂದು ಕೇಳುವ ಮೊದಲೇ ನನ್ನ ಕೋಣೆ ತೋರಿಸಿ ಹೇಳಿದಳು:

"ಈ ಕೋಣೆಗೆ ಹೀಟರ್ ಹಾಕಡ. ಎಷ್ಟೇ ಚಳಿ ಆಗ್ಲಿ, ಹಾಕಡ. ಕಂಬಳಿ ಎರಡು ಇದ್ದು, ಹೊದ್ಕ."

"ಎಂಗೆ ಚಳಿ ಆದ್ರೆ?"

"ನಿಂಗೆ ಚಳಿ ಆದ್ರೆ ಅಡ್ಡಿಲ್ಲೆ. ಸಸಿಗೆ ಬಿಸಿ ಆಪ್ಲಾಗ."

ಕಿಟಕಿಯ ಕಟ್ಟೆಯ ಮೇಲೆ, ಒಂದು ದೀಪದ ಕೆಳಗೆ, ಆ ಟ್ರೇ ಕೂತಿತ್ತು.

ಎರಡು ಟ್ರೇ

ಅದರ ಜೋಡಿ ಟ್ರೇ ಅಡುಗೆಮನೆಯ ಒಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಅಲ್ಲಿಯೂ ಅಂಥದೇ ದೀಪ. ಆದರೆ ಒಳಗೆ ಕೈ ಹಾಕಿದರೆ ಅಂಕೋಲೆಯ ಬೇಸಿಗೆ. ಅಕ್ಕ ಎರಡನ್ನೂ ತರಿಸಿ ಪಕ್ಕಪಕ್ಕ ಇಡಿಸಿದಳು. ಇಟ್ಟಿದ್ದು ನಾನು, ಕೈ ನಾನಲ್ಲವೇ.

"ಬೀಜ ಒಂದೇ, ಮಣ್ಣು ಒಂದೇ, ಬೆಳಕು ಒಂದೇ. ಬಿಸಿ ಒಂದು ಬ್ಯಾರೆ. ಎಂತ ಕಾಣ್ತು ಹೇಳು?"

ಕಿಟಕಿಯ ಸಸಿಗಳು ಗಿಡ್ಡವಾಗಿ, ಎಲೆಗಳನ್ನು ಮಣ್ಣಿಗೆ ಆತು ಚಪ್ಪಟೆ ಹರಡಿಕೊಂಡು ಕೂತಿದ್ದವು. ಪೆಟ್ಟಿಗೆಯ ಸಸಿಗಳು ಉದ್ದುದ್ದ ಎದ್ದು, ಎಲೆಗಳನ್ನು ಮೇಲೆತ್ತಿ ನಿಂತಿದ್ದವು.

"ಇದು ಉಪವಾಸ ಇಪ್ಪ ಮಾಣಿ. ಅದು ಉಂಡು ತಿಂದು ಬೆಳದ ಮಾಣಿ" ಅಂದೆ.

"ಉಲ್ಟಾ" ಎಂದಳು ಅಕ್ಕ. "ಉದ್ದ ಇಪ್ಪದು ಸಂಕಟಪಡ್ತಾ ಇದ್ದು."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬಿಸಿ ಸ್ವಲ್ಪ ಏರಿದರೂ ಗಿಡಕ್ಕೆ ಗೊತ್ತಾಗುತ್ತದೆ. ನಮ್ಮ ಹಾಗೆ ಎದ್ದು ನೆರಳಿಗೆ ಹೋಗಲು ಅದಕ್ಕೆ ಕಾಲಿಲ್ಲ. ಹಾಗಾಗಿ ದೇಹವನ್ನೇ ಬೇರೆ ಥರ ಕಟ್ಟಿಕೊಳ್ಳುತ್ತದೆ. ಬಿಸಿ ಮಣ್ಣಿನಿಂದ ಕುಡಿಯನ್ನು ದೂರ ಒಯ್ಯಲು ಕಾಂಡ ಉದ್ದ ಮಾಡುತ್ತದೆ. ಎಲೆಯ ಕೆಳಗೆ ಗಾಳಿ ಆಡಲಿ ಎಂದು ಎಲೆಗಳನ್ನು ಎತ್ತಿ ಹಿಡಿಯುತ್ತದೆ. ಎಲೆಯನ್ನು ತೆಳ್ಳಗೆ ಮಾಡುತ್ತದೆ. ಎಷ್ಟೋ ಗಿಡಗಳು ಅವಸರ ಮಾಡಿ ಬೇಗ ಹೂವನ್ನೂ ಬಿಟ್ಟುಬಿಡುತ್ತವೆ. ನೋಡುವವರಿಗೆ 'ಆಹಾ, ಏನು ಬೆಳೆದಿದೆ' ಅನ್ನಿಸುತ್ತದೆ.

"ಅದ್ಕೆ ಸೆಕೆ ಹೇಳಿ ಹ್ಯಾಂಗೆ ಗೊತ್ತಾಗ್ತು? ಚರ್ಮ ಇದ್ದಾ?"

"ಬೆಳಕು ನೋಡಲೆ ಅದ್ರಲ್ಲಿ ಕಣ್ಣಿನ ಹಂಗಿಪ್ಪ ಒಂದು ವಸ್ತು ಇದ್ದು. ಬಿಸಿಯನ್ನೂ ಅದೇ ಅಳೀತು."

"ಕಣ್ಣಲ್ಲಿ ಸೆಕೆ ಗೊತ್ತಾಗ್ತು?"

"ಹೂಂ."

"ಹಂಗಾರೆ ಕಣ್ಣು ಮುಚ್ಚಿಗಂಡ್ರೆ ಸೆಕೆ ಆಗ್ತಿಲ್ಲೆ?"

"ತಮಾ, ನೀ ಹೋಗಿ ಪಾತ್ರೆ ತೊಳೆ."

ಪಾತ್ರೆ ತೊಳೆಯುವಾಗ ನಿಜವಾದ ವಿಷಯ ಹೊರಬಂತು. ಶನಿವಾರ ಆ ಊರಿನ ಸಭಾಂಗಣದಲ್ಲಿ ಅವಳು ಜನರ ಎದುರು ಈ ಎರಡು ಟ್ರೇ ಇಟ್ಟು ಮಾತಾಡಬೇಕು. ಬೆಳೆಗಾರರ ಸಂಘದ ಸಮಿತಿಯವರೂ ಬರುತ್ತಾರೆ. ಅವರು ಹಣ ಕೊಡಲು ಒಪ್ಪಿದರೆ ಬರುವ ಮಳೆಗಾಲಕ್ಕೆ ಅಕ್ಕ ಊರಿಗೆ ಬಂದು, ಎಕ್ಕಂಬಿ, ಸಿದ್ದಾಪುರ, ಉಮ್ಮಚಗಿ ಮೂರೂ ಕಡೆ ನಮ್ಮ ಹಳೆಯ ಭತ್ತದ ತಳಿಗಳನ್ನು ಹಾಕಿ ನೋಡಬಹುದು. ಬಿಸಿಗೆ ಯಾವುದು ಕಾಂಡ ಉದ್ದ ಮಾಡಿ ಗಾಳಿಗೆ ಮಲಗಿಬಿಡುತ್ತದೆ, ಯಾವುದು ಗಟ್ಟಿ ನಿಲ್ಲುತ್ತದೆ ಎಂದು. ಎಕ್ಕಂಬಿಯ ಬಸವರಾಜಣ್ಣ "ಗದ್ದಿ ಬಿಟ್ಟ ಕೊಡ್ತೀನಿ, ಬರ್ರಿ ಅಕ್ಕಾರ" ಎಂದು ಫೋನಿನಲ್ಲಿ ಆಗಲೇ ಹೇಳಿಬಿಟ್ಟಿದ್ದ. ಸಮಿತಿ ಒಪ್ಪದಿದ್ದರೆ ಅಡುಗೆಮನೆಯ ಪೆಟ್ಟಿಗೆಯೇ ಗತಿ.

"ಗಾಜಿನ ಪೆಟ್ಟಿಗೆಯಲ್ಲಿ ಮಳೆಗಾಲ ಮಾಡಿ ಮಾಡಿ ಸಾಕಾತು ತಮಾ" ಎಂದಳು. "ಎಂಗೆ ನಿಜವಾದ ಗದ್ದೆ ಬೇಕು."

ಅದನ್ನು ಹೇಳುವಾಗ ಅವಳ ದನಿ ಬೇರೆಯಾಗಿತ್ತು. ಅದನ್ನು ನಾನು ಅನುಕರಿಸಿ ತೋರಿಸಲಿಲ್ಲ. ಇದನ್ನೊಂದು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಪೇಟೆ

ಮರುದಿನ ಬ್ರೆಡ್ ತರಲು ಹೋದೆ. ಅಲ್ಲಿಯವರ ಮಾತಿನಲ್ಲಿ ಗಂಟಲಿನ ಆಳದಿಂದ ಬರುವ ಒಂದು ಸದ್ದಿದೆ. ಹಲಸಿನ ಸೊಳೆ ಅರ್ಧಕ್ಕೆ ಸಿಕ್ಕಿಕೊಂಡರೆ ನಮ್ಮ ಉಮ್ಮಚಗಿ ಮಾವ ಮಾಡುತ್ತಾನಲ್ಲ, ಅದೇ. ಅಂಗಡಿಯಾಕೆಯ ಎದುರು ಅದನ್ನು ಹಾಕಿ ಬ್ರೆಡ್ ಕೇಳಿದೆ. ಚೆನ್ನಾಗಿಯೇ ಬಂತು ಎಂದುಕೊಂಡೆ. ಆಕೆ ಗಾಬರಿಯಾಗಿ ಒಂದು ಲೋಟ ನೀರು ತಂದುಕೊಟ್ಟಳು.

ಜನ ಎತ್ತರ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು. ನನಗೆ ಅಲ್ಲಿ ಗೊಂದಲ ಶುರುವಾಯಿತು. ಇಂಥ ಚಳಿಯಲ್ಲಿ ಸಸಿ ಗಿಡ್ಡ, ಮನುಷ್ಯರು ಉದ್ದ. ನಮ್ಮೂರ ಸೆಕೆಯಲ್ಲಿ ಸಸಿ ಉದ್ದ, ನಾನು ಗಿಡ್ಡ. ಅಕ್ಕನಿಗೆ ಹೇಳಿದೆ. "ಮನುಷ್ಯರ ಕಥೆ ಬ್ಯಾರೆ" ಎಂದಳು. ಎಲ್ಲ ಸಂಶೋಧಕರೂ ತೊಡಕು ಬಂದಾಗ ಹೀಗೇ ಹೇಳುತ್ತಾರೋ ಏನೋ.

ಕೆಳಮನೆಯ ಯೋಕೆ ಅಜ್ಜಿ ಕಾಫಿಗೆ ಕರೆದಳು. ಹಿಂದೆ ಬಸ್ ಓಡಿಸುತ್ತಿದ್ದವಳು. ಬಿಸ್ಕತ್ತಿನ ಡಬ್ಬ ತೆಗೆದಳು, ನನ್ನ ಮುಂದೆ ಹಿಡಿದಳು, ನಾನು ಒಂದು ತೆಗೆದುಕೊಂಡೆ, ಡಬ್ಬ ಮುಚ್ಚಿತು. ನಮ್ಮಲ್ಲಾದರೆ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲಕ್ಕೆ ಸಾಕು ಎನ್ನಬೇಕು, ಮೂರನೆಯ ಸಲ ಬಡಿಸಿದವರ ಒತ್ತಾಯಕ್ಕೆ ನಾಲ್ಕು ತಿನ್ನಬೇಕು. ಒತ್ತಾಯಕ್ಕೆ ಕಾದೆ. ಅಜ್ಜಿ ಡಬ್ಬವನ್ನು ಕಪಾಟಿಗೆ ಇಟ್ಟಳು.

ಅವಳ ಅಂಗಳದಲ್ಲಿ ಚಳಿಗಾಲ ಮುಗಿಯುವ ಮೊದಲೇ ಹಳದಿ ಹೂಗಳು ಅರಳಿದ್ದವು. ಚಂದ ಇವೆ ಎಂದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, ಮುರುಕು ಇಂಗ್ಲಿಷಿನಲ್ಲಿ, "ಚಂದ ಇರಬಹುದು. ಇವತ್ತು ಬರಬೇಕೆಂದು ಇವನ್ನು ಯಾರೂ ಕರೆದಿರಲಿಲ್ಲ" ಅಂದಳು. ವೇಳಾಪಟ್ಟಿಗಿಂತ ಮುಂಚೆ ಬಂದ ಬಸ್ಸನ್ನು ನೋಡಿದ ಹಾಗೆ ಅವನ್ನು ನೋಡಿದಳು. ಸಿದ್ದಾಪುರದ ದೊಡ್ಡಮ್ಮನೂ ಈಚೆಗೆ ಹಿತ್ತಲಿನ ಮಾವನ್ನು ಹೀಗೇ ಬಯ್ಯುತ್ತಾಳೆ: ಒಂದು ಕೊಂಬೆಯಲ್ಲಿ ಮಿಡಿ, ಒಂದರಲ್ಲಿ ಹೂವು, ಇನ್ನೊಂದಕ್ಕೆ ಏನೂ ನೆನಪೇ ಇಲ್ಲ.

ಅಕ್ಕ ಇಲ್ಲದ ಮನೆ

ವಾರದ ನಡುವೆ ಅಕ್ಕ ಯಾವುದೋ ಸಭೆಗೆಂದು ಬೇರೆ ಊರಿಗೆ ಹೋದಳು. ಶುಕ್ರವಾರ ಸಂಜೆ ವಾಪಸು. ಹೋಗುವಾಗ, "ನೀರು ಹಾಕು. ಮತ್ತೆಂತದೂ ಮಾಡಡ" ಎಂದಳು.

ಮತ್ತೆಂತದೂ ಮಾಡದೆ ಇರುವುದು ಬಹಳ ಕಷ್ಟದ ಕೆಲಸ, ಅದೂ ಹಲ್ಲು ಕಟಕಟಿಸುವಾಗ. ಎರಡು ಕಂಬಳಿ ಹೊದ್ದು, ಟೋಪಿ ಹಾಕಿ, ಕಾಲುಚೀಲದ ಮೇಲೆ ಕಾಲುಚೀಲ ಹಾಕಿ ಕೂತೆ. ಎದುರಿಗೆ ಟ್ರೇ. ಸಸಿಗಳು ಮುದುಡಿದಂತೆ ಕಂಡವು. ನನ್ನ ಹಾಗೆಯೇ.

ನಮ್ಮಲ್ಲಿ ಉಪನಯನಕ್ಕೆ ಮೊದಲು ಮಣ್ಣಿನ ಬಟ್ಟಲುಗಳಲ್ಲಿ ಧಾನ್ಯ ಬಿತ್ತಿ ಮೊಳಕೆ ಬರಿಸುತ್ತಾರೆ. ಅದು ಎತ್ತರಕ್ಕೆ ಎದ್ದರೆ ಮಾಣಿಗೆ ಒಳ್ಳೆಯದಾಗುತ್ತದೆ ಎಂದು ನಮ್ಮ ಮನೆಯ ಹೆಂಗಸರ ನಂಬಿಕೆ. ನನ್ನ ಉಪನಯನದಲ್ಲಿ ಮೊಳಕೆ ಏಳಲೇ ಇಲ್ಲ. ನನ್ನ ಅಜ್ಜಿ ಯಾರಿಗೂ ಹೇಳದೆ ಬಟ್ಟಲುಗಳನ್ನು ಒಯ್ದು ಬಚ್ಚಲ ಒಲೆಯ ಪಕ್ಕ ಇಟ್ಟಳು. ಮುಹೂರ್ತದ ಹೊತ್ತಿಗೆ ನನ್ನ ಮೊಳಕೆಗಳು ಬಿಳಿಚಿಕೊಂಡು, ಓಲಾಡುತ್ತ, ಯಾರ ಉಪನಯನದಲ್ಲೂ ಕಾಣದಷ್ಟು ಎತ್ತರ ನಿಂತಿದ್ದವು. ನೆಂಟರೆಲ್ಲ ಹೊಗಳಿದರು. ಆಮೇಲೆ ನನಗೆ ಎಷ್ಟು ಒಳ್ಳೆಯದಾಯಿತು ಎಂಬುದನ್ನು ನೀವೇ ನೋಡುತ್ತಿದ್ದೀರಿ.

ಆ ಹೊತ್ತಿಗೆ ಸರಿಯಾಗಿ ಆಯಿಯ ಫೋನ್.

"ಅಕ್ಕನ ಸಸಿ ಹ್ಯಾಂಗಿದ್ದೋ?"

"ಗಿಡ್ಡಾಗಿ ಇದ್ದು ಆಯಿ. ಮ್ಯಾಲೇ ಬೈಂದಿಲ್ಲೆ."

"ಪಾಪ, ಚಳಿ ಆಗಿಕ್ಕು. ಭತ್ತದ ಬೀಜಕ್ಕೂ ಹುಲ್ಲು ಹೊದೆಸಿ ಬೆಚ್ಚಗೆ ಇಡ್ತ್ವಲೋ. ಎಂತಾದ್ರೂ ಮಾಡು. ಕೂಸಿನ ಕೆಲಸ ಕೆಡಪ್ಲಾಗ."

ಗಿಡ್ಡ ಇರುವುದೇ ಸರಿ ಎಂದು ಅಕ್ಕ ಹೇಳಿದ್ದು ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಆದರೆ ಚಳಿಯಲ್ಲಿ ಅವಳ ಮಾತು ಒಂದು ಕಡೆ, ನನ್ನ ಅಜ್ಜಿ ಮತ್ತು ಆಯಿ ಇನ್ನೊಂದು ಕಡೆ. ಬಹುಮತಕ್ಕೆ ತಲೆಬಾಗಿದೆ. ಕಿಟಕಿಯ ಕೆಳಗಿನ ಹೀಟರ್ ತಿರುಗಿಸಿದೆ. ಟ್ರೇಗೆ ಅನುಕೂಲವಾಗಲೆಂದು ಅದನ್ನು ಸ್ವಲ್ಪ ಕೆಳಗಿಳಿಸಿ ಸ್ಟೂಲಿನ ಮೇಲೆ, ಹೀಟರಿಗೆ ತಾಗುವಂತೆ ಇಟ್ಟೆ, ದೀಪವನ್ನೂ ಜೊತೆಗೇ ಇಳಿಸಿದೆ. ಕೋಣೆ ಬೆಚ್ಚಗಾಯಿತು. ಟೋಪಿ ತೆಗೆದೆ. ಸಸಿಯ ಹೆಸರಿನಲ್ಲಿ ಒಳ್ಳೆಯ ನಿದ್ದೆ ಬಂತು.

ಶುಕ್ರವಾರದ ಹೊತ್ತಿಗೆ ಸಸಿಗಳು ಎದ್ದು ನಿಂತಿದ್ದವು. ಎಲೆಗಳನ್ನು ಮೇಲೆತ್ತಿ, ಕುತ್ತಿಗೆ ಉದ್ದ ಮಾಡಿ. ನನಗೆ ಹೆಮ್ಮೆಯಾಯಿತು. ಸಂಜೆ ಅಕ್ಕ ಏಣಿ ಹತ್ತುವ ಸದ್ದು ಕೇಳಿದೊಡನೆ ಮಾತ್ರ ದಡಬಡಿಸಿ ಎದ್ದೆ. ಹೀಟರ್ ಆರಿಸಿದೆ, ಟ್ರೇಯನ್ನೂ ದೀಪವನ್ನೂ ಮೊದಲಿನ ಹಾಗೆ ಕಟ್ಟೆಯ ಮೇಲೆ ಇಟ್ಟೆ, ಟೋಪಿ ಹಾಕಿಕೊಂಡೆ.

ಅಕ್ಕ ಕೋಣೆಗೆ ಬಂದಳು. ನೋಡಿದಳು.

"ಇದು ಎಂತ?"

"ಬಿಸಿಲು ಜೋರಿತ್ತು" ಅಂದೆ. ಆ ಊರಿನಲ್ಲಿ ಸೂರ್ಯನನ್ನು ಕಾಣದೆ ಎಲ್ಲರಿಗೂ ಅವನ ಮುಖವೇ ಮರೆತುಹೋಗಿತ್ತು. ಆಮೇಲೆ ಯೋಕೆ ಅಜ್ಜಿ, ಆಮೇಲೆ ಬೆಕ್ಕು. ಉಳಿದದ್ದು ನಿಮಗೆ ಗೊತ್ತು.

"ಆದ್ರೂ ಅಕ್ಕಾ, ಎತ್ತರ ಆಜಲೇ!" ಎಂದು ಕೊನೆಯ ಪ್ರಯತ್ನ ಮಾಡಿದೆ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವಳು ಬಯ್ಯುವುದನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ. ಅಡುಗೆಮನೆಗೆ ಹೋಗಿ, ಎಡಗೈಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ನೋಡಿದಳು. ಬರಲಿಲ್ಲ. ನಾನು ಕೈ ಚಾಚಿದೆ. ಬಾಟಲಿಯನ್ನು ನನ್ನಿಂದ ಆಚೆ ತಿರುಗಿಸಿಕೊಂಡು, ಮಡಿಲಲ್ಲಿ ಒತ್ತಿ ಹಿಡಿದು ತಾನೇ ತೆಗೆದಳು. ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ಒಂದು ಮಿಡಿಯನ್ನು ಹಾಗೆಯೇ ತಿಂದಳು, ಅನ್ನವಿಲ್ಲದೆ.

"ನಾಳೆ ಎಂತ ತೋರಿಸ್ಲಿ ಆನು?" ಎಂದಳು. ನನ್ನನ್ನು ಕೇಳಿದ್ದಲ್ಲ. ಸುಮ್ಮನೆ ಗೋಡೆಗೆ ಹೇಳಿದ್ದು.

ಸಭಾಂಗಣ

ಎರಡೂ ಟ್ರೇಗಳನ್ನು ನಾನೇ ಹೊತ್ತುಕೊಂಡು ಹೋದೆ. ಎರಡರಲ್ಲೂ ಉದ್ದುದ್ದ ಸಸಿಗಳು. ದಾರಿಯುದ್ದಕ್ಕೂ ಒಂದನ್ನೊಂದು ನೋಡಿ ತಲೆಯಾಡಿಸುತ್ತಿದ್ದವು. ಸಭಾಂಗಣದಲ್ಲಿ ಜನ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂತಿದ್ದರು; ಅಲ್ಲಿ ಸಭೆಗೆ ತಡವಾಗಿ ಬರುವ ಮುಖ್ಯ ಅತಿಥಿ ಎಂಬ ಜಾತಿಯೇ ಇಲ್ಲ. ಮುಂದಿನ ಸಾಲಿನಲ್ಲಿ ಯೋಕೆ ಅಜ್ಜಿ. ಅವಳ ಪಕ್ಕ ಸಮಿತಿಯ ಅಧ್ಯಕ್ಷ, ಕೂತರೂ ನನ್ನಷ್ಟೇ ಎತ್ತರ.

ಅಕ್ಕ ಅವರ ಭಾಷೆಯಲ್ಲೇ ಮಾತಾಡಿದಳು. ನನಗೆ ತಿಳಿಯಲಿಲ್ಲ. ನಡುವೆ ನನ್ನ ಕಡೆ ಕೈ ತೋರಿಸಿದಳು, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಗೊತ್ತಾಯಿತು, ಅವಳು ಹೇಳಿದ್ದು ಇದು: "ಈ ಎರಡನೆಯ ಟ್ರೇ ತಂಪಿನದು ಆಗಬೇಕಿತ್ತು. ನನ್ನ ತಮ್ಮನಿಗೆ ಚಳಿಯಾಯಿತು."

ನಗು ನಿಂತಿತು. ಅಧ್ಯಕ್ಷ ಕನ್ನಡಕ ತೆಗೆದು ಏನೋ ಕೇಳಿದ. ಅಕ್ಕನ ಮುಖ ಸಣ್ಣದಾಯಿತು. ನನ್ನ ಕಡೆ ಬಗ್ಗಿ ಹೇಳಿದಳು: "ತಂಪಿನ ಸಸಿ ನೋಡ್ದೆ ವ್ಯತ್ಯಾಸ ಹ್ಯಾಂಗೆ ತಿಳಿಯವು ಹೇಳಿ ಕೇಳ್ತಾ ಇದ್ದ."

ನಾನು ಟ್ರೇಗಳ ಹಿಂದೆ ಅಡಗುವಷ್ಟು ಬಗ್ಗಿದೆ.

"ಬಾ ಇಲ್ಲಿ. ನೀ ಆಗು" ಎಂದಳು ಅಕ್ಕ.

"ಎಂತ ಆಗವು?"

"ತಂಪಿನ ಸಸಿ. ಎಲ್ಲರನ್ನೂ ಮಾಡಿ ತೋರಿಸ್ತ್ಯಲಿ, ಇದನ್ನೂ ಮಾಡು."

ಸೆಕ್ರೆಟರಿಗೆ ಕೆಮ್ಮು ಇದೆ, ಕಂಡಕ್ಟರಿಗೆ ಚಿಲ್ಲರೆ. ಸಸಿಗೆ ಏನಿದೆ? ಎಲ್ಲಿಂದ ಹಿಡಿಯುವುದೆಂದೇ ತಿಳಿಯಲಿಲ್ಲ. ಕಿಟಕಿಯ ಎದುರು ಕಂಬಳಿ ಹೊದ್ದು ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಕೈಗಳನ್ನು ಎರಡೂ ಬದಿಗೆ, ನೆಲಕ್ಕೆ ಆತು, ಅಗಲ ಹರಡಿದೆ. ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡೆ. ಯಾರೋ ಹೂಂಗುಟ್ಟಿದರು.

"ಈಗ ಬಿಸಿ ಹೆಚ್ಚಾತು" ಎಂದಳು ಅಕ್ಕ.

ಎದ್ದೆ. ಕೈ ಮೇಲೆತ್ತಿದೆ.

"ಇನ್ನೂ ಹೆಚ್ಚಾತು."

ಹೊಟ್ಟೆ ಒಳಗೆ ಎಳೆದು ತೆಳ್ಳಗಾದೆ, ಕುತ್ತಿಗೆ ಚಾಚಿದೆ, ತುದಿಗಾಲಲ್ಲಿ ನಿಂತೆ.

"ಇನ್ನೂ."

ಇನ್ನೂ ಚಾಚಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮೀನಖಂಡ ನಡುಗತೊಡಗಿತು. ನಿಂತೇ ಇರುವೆನೆಂದುಕೊಂಡೆ, ಆದರೆ ಸಭಾಂಗಣವೇ ಒಂದು ಕಡೆ ವಾಲಿತು, ಮತ್ತು ನಾನು ಬುಡ ಸಮೇತ ಯೋಕೆ ಅಜ್ಜಿಯ ಕಾಲಬುಡದಲ್ಲಿ ಬಿದ್ದಿದ್ದೆ. ನಟನೆಯಲ್ಲ. ನಿಜವಾಗಿಯೇ ಬಿದ್ದದ್ದು.

ಅಕ್ಕ ಕಣ್ಣು ಮಿಟುಕಿಸದೆ, ಪ್ಲಾಸ್ಟರ್ ಕೈಯಿಂದ ನನ್ನನ್ನು ತೋರಿಸುತ್ತ, ಅವರ ಭಾಷೆಯಲ್ಲಿ ಮಾತು ಮುಂದುವರಿಸಿದಳು. ನಡುವೆ ಹುಲೇಕಲ್, ಎಕ್ಕಂಬಿ ಎಂಬ ಹೆಸರುಗಳು ಕೇಳಿದವು. ಗಾಳಿಗೆ ಭತ್ತ ಮಲಗುವುದೆಂದರೆ ಹೀಗೆ ಎನ್ನುತ್ತಿದ್ದಾಳೆಂದು ಭಾಷೆ ಬಾರದ ನನಗೂ ತಿಳಿಯಿತು. ಯೋಕೆ ಅಜ್ಜಿ ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡು ನನ್ನನ್ನು ತನ್ನ ಹಳದಿ ಹೂಗಳನ್ನು ನೋಡಿದ ಹಾಗೆಯೇ ನೋಡಿದಳು. ಆಮೇಲೆ ಬಿದ್ದ ನನ್ನನ್ನು ತೋರಿಸಿ, ವ್ಯತ್ಯಾಸ ಕಂಡಿತಲ್ಲ ಎಂಬಂತೆ ಅಧ್ಯಕ್ಷನಿಗೆ ಏನೋ ಗಟ್ಟಿಯಾಗಿ ಹೇಳಿದಳು. ಅವನು ಹಿಂದಿನ ಸಾಲಿಗೆ ತಿರುಗಿದ. ಸಮಿತಿಯವರು ತಲೆಗೆ ತಲೆ ಸೇರಿಸಿದರು.

ಕೊನೆಗೆ ಅಧ್ಯಕ್ಷ ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದ: ಆಗಲಿ, ಒಂದು ಮಳೆಗಾಲ ಮಾಡಿ ನೋಡಿ. ಆದರೆ ಗದ್ದೆಗಳನ್ನು ದಿನವೂ ನೋಡಿಕೊಳ್ಳುವವರು ಬೇಕು, ಬಿಸಿ ಎಷ್ಟು, ಸಸಿ ಎಷ್ಟು ಎಂದು ಅಳೆಯುವವರು ಬೇಕು. ಆ ಊರುಗಳಲ್ಲಿ ಅಂಥ ನಂಬಿಕಸ್ತರು ಯಾರಿದ್ದಾರೆ?

ಅಕ್ಕನ ಕಣ್ಣು ತುಂಬಿತ್ತು. ನಾನು ಬಿದ್ದಲ್ಲಿಂದಲೇ, ನೆಲದ ಮೇಲೆ ಮಲಗಿಕೊಂಡೇ, ಬಲಗೈಯನ್ನು ಆದಷ್ಟು ಎತ್ತರಕ್ಕೆ ಎತ್ತಿದೆ.

ಅಕ್ಕ ನನ್ನ ಕಡೆ ತಿರುಗಿದಳು.

"ಕೈ ಇಳ್ಸು ತಮಾ. ಎಂಗೆ ಮುರ್ದ ಕೈಯೇ ಸಾಕು."